ಶಸ್ತ್ರವಿಲ್ಲದ ಶಸ್ತ್ರಕ್ರಿಯೆಯ ಪ್ರವರ್ತಕ ಡಾ. ಲಾರ್ಸ್ ಲೆಕ್ಸೆಲ್

ಮಾನವದೇಹದ ಅಂಗಗಳಲ್ಲೆಲ್ಲ ಮೆದುಳು ಅತ್ಯಂತ ಸುಕುಮಾರವಾದುದು. ಪ್ರಕೃತಿಯು ಅದನ್ನು ತಲೆಬುರುಡೆಯೆಂಬ ಗಟ್ಟಿ ಕವಚದೊಳಗಿರಿಸಿ ಕಾಪಾಡಿದೆ. ಆದರೆ ಒಳಗೆ ಗಡ್ಡೆಯೊಂದು ಬೆಳೆದಾಗ ಆ ಕವಚವೇ ಚಿಕಿತ್ಸೆಗೆ ಅಡ್ಡಗೋಡೆಯಾಗುತ್ತದೆ. ಬುರುಡೆಯನ್ನು ತೆರೆಯದೆಯೇ ಆಳದ ರೋಗವನ್ನು ತಲಪುವ ಮಾರ್ಗವನ್ನು ತೋರಿಸಿಕೊಟ್ಟ ಮಹನೀಯರು ಸ್ವೀಡನ್ ದೇಶದ ನರಶಸ್ತ್ರವೈದ್ಯ ಡಾ. ಲಾರ್ಸ್ ಲೆಕ್ಸೆಲ್.

ಲೆಕ್ಸೆಲ್ ಅವರು 1907ರ ನವೆಂಬರ್ 23ರಂದು ಜನಿಸಿದರು. ಸ್ಟಾಕ್‌ಹೋಮಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, ಸ್ವೀಡನ್ನಿನ ನರಶಸ್ತ್ರವೈದ್ಯರಲ್ಲಿ ಅಗ್ರಗಣ್ಯರಾದ ಹರ್ಬರ್ಟ್ ಒಲಿವೆಕ್ರೋನಾ ಅವರ ಶಿಷ್ಯರಾದರು. ಫಿನ್ಲೆಂಡಿನ ಮೇಲೆ ಸೋವಿಯತ್ ಒಕ್ಕೂಟವು ದಂಡೆತ್ತಿ ಬಂದ 1939-40ರ ಚಳಿಗಾಲದಲ್ಲಿ, ಸ್ವಯಂಸೇವಕರಾಗಿ ಅಲ್ಲಿಗೆ ತೆರಳಿ ಗಾಯಾಳುಗಳ ಸೇವೆ ಮಾಡಿದರು. ಸ್ನಾಯುಗಳ ಬಿಗಿತವನ್ನು ನಿಯಂತ್ರಿಸುವ ಗಾಮಾ ನರತಂತುಗಳನ್ನು ಕುರಿತ ಪ್ರೌಢಪ್ರಬಂಧವನ್ನು 1945ರಲ್ಲಿ ಪ್ರಕಟಿಸಿದರು. ಉಪಕರಣಗಳನ್ನು ಸ್ವತಃ ರೂಪಿಸುವುದು ಅವರ ಹುಟ್ಟುಗುಣವೆಂಬಂತಿತ್ತು. ಅವರು ರಚಿಸಿದ ಮೂಳೆ ಕತ್ತರಿಸುವ ಇಕ್ಕಳವು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಅಂದಿನ ದಿನಗಳಲ್ಲಿ ಮೆದುಳಿನ ಆಳವನ್ನು ತಲಪಬೇಕಾದರೆ ದಾರಿಯಲ್ಲಿದ್ದ ಆರೋಗ್ಯವಂತ ಭಾಗಕ್ಕೂ ಪೆಟ್ಟು ತಪ್ಪುತ್ತಿರಲಿಲ್ಲ. ಇದನ್ನು ನಿವಾರಿಸಲು ಲೆಕ್ಸೆಲ್ ಅವರು 1949ರಲ್ಲಿ ಒಂದು ಚೌಕಟ್ಟನ್ನು ಬಳಕೆಗೆ ತಂದರು. ಅದನ್ನು ತಲೆಗೆ ಅಲುಗದಂತೆ ಬಿಗಿದು, ಭೂಪಟದಲ್ಲಿ ಊರೊಂದನ್ನು ಗುರುತಿಸುವಂತೆ, ಮೆದುಳಿನೊಳಗಿನ ಬಿಂದುವೊಂದನ್ನು ಮೂರು ದಿಕ್ಕುಗಳ ಅಳತೆಯಿಂದ ಗೊತ್ತುಪಡಿಸಬಹುದಾಗಿತ್ತು. ಚೌಕಟ್ಟಿಗೆ ಜೋಡಿಸಿದ ಕಮಾನಿನ ಕೇಂದ್ರವೇ ಆ ಬಿಂದು. ಕಮಾನಿನ ಯಾವ ಸ್ಥಾನದಿಂದ ಸೂಜಿಯನ್ನು ಇಳಿಸಿದರೂ ಅದು ಅಲ್ಲಿಗೇ ಮುಟ್ಟುತ್ತಿತ್ತು.

ಸೂಜಿಯ ಬದಲು ಕಿರಣವನ್ನೇ ಏಕೆ ಕಳುಹಿಸಬಾರದು? ಈ ಪ್ರಶ್ನೆಯೇ ಅವರ ಜೀವನಸಾಧನೆಗೆ ಬೀಜವಾಯಿತು. 1951ರಲ್ಲಿ ಅವರು ಈ ಪದ್ಧತಿಗೆ ವಿಕಿರಣ ಶಸ್ತ್ರಕ್ರಿಯೆಯೆಂದು ನಾಮಕರಣ ಮಾಡಿದರು. ಮೊದಲು ಎಕ್ಸ್-ಕಿರಣಗಳ ಕೊಳವೆಯನ್ನು ಚೌಕಟ್ಟಿಗೆ ಜೋಡಿಸಿ, ಮುಖದ ನರದ ಅಸಹನೀಯ ವೇದನೆಯಿಂದ ಬಳಲುತ್ತಿದ್ದವರಿಗೆ ಚಿಕಿತ್ಸೆಯಿತ್ತರು. ಅನಂತರ ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ಅವರೊಡಗೂಡಿ, ಉಪ್ಸಾಲದ ಸೈಕ್ಲೋಟ್ರಾನಿನಿಂದ ಹೊರಡುವ ಪ್ರೋಟಾನುಗಳನ್ನು ಪ್ರಯೋಗಿಸಿದರು. ಆದರೆ ಅಂಥ ಬೃಹದ್ಯಂತ್ರವು ಆಸ್ಪತ್ರೆಯ ನಿತ್ಯದ ಬಳಕೆಗೆ ಒಗ್ಗುವಂಥದಾಗಿರಲಿಲ್ಲ. ಕಡೆಗೆ ಅವರು ಆರಿಸಿಕೊಂಡದ್ದು ವಿಕಿರಣಶೀಲ ಕೋಬಾಲ್ಟ್-60. ಅದರ 179 ಆಕರಗಳನ್ನು ಶಿರಸ್ತ್ರಾಣದಂತಹ ರಚನೆಯೊಂದರ ಸುತ್ತಲೂ ಅಳವಡಿಸಿದ ಯಂತ್ರವು 1968ರಲ್ಲಿ ಸ್ಟಾಕ್‌ಹೋಮಿನ ಸೋಫಿಯಾಹೆಮ್ಮೆಟ್ ಆಸ್ಪತ್ರೆಯಲ್ಲಿ ಕಾರ್ಯಾರಂಭ ಮಾಡಿತು. ಒಂದೊಂದು ಕಿರಣವೂ ದುರ್ಬಲ. ದಾರಿಯಲ್ಲಿನ ಭಾಗಕ್ಕೆ ಅದರಿಂದ ಹಾನಿ ಅತ್ಯಲ್ಪ. ಎಲ್ಲ ಕಿರಣಗಳೂ ಒಂದೆಡೆ ಸಂಧಿಸುವಲ್ಲಿ ಮಾತ್ರ ಅವುಗಳ ಸಂಯುಕ್ತ ಶಕ್ತಿ ಪ್ರಬಲ. ಇದುವೇ ಗಾಮಾ ನೈಫ್, ಅಲಗಿಲ್ಲದ ಚೂರಿ.

ಲೆಕ್ಸೆಲ್ ಅವರ ಮೂಲೋದ್ದೇಶ ಗಡ್ಡೆಗಳ ನಿವಾರಣೆಯಾಗಿರಲಿಲ್ಲ. ತೀವ್ರ ನೋವು, ಪಾರ್ಕಿನ್ಸನ್ ಕಾಯಿಲೆಯ ನಡುಕ ಮುಂತಾದವುಗಳ ಶಮನಕ್ಕಾಗಿ ಮೆದುಳಿನ ನರಮಾರ್ಗಗಳನ್ನು ಕಡಿಯುವುದೇ ಅವರ ಗುರಿಯಾಗಿತ್ತು. ಆದರೆ ಅದೇ ವೇಳೆಗೆ ಲೆವೋಡೋಪ ಔಷಧ ಬಂದು ಪಾರ್ಕಿನ್ಸನ್ ರೋಗಿಗಳಲ್ಲಿ ಶಸ್ತ್ರಕ್ರಿಯೆಯ ಅಗತ್ಯವು ಕುಗ್ಗಿತು. ಇತ್ತ ಕಿವಿಯ ನರದ ಗಡ್ಡೆ, ಪಿಟ್ಯುಟರಿ ಗ್ರಂಥಿಯ ಗಡ್ಡೆ, ರಕ್ತನಾಳಗಳ ಜನ್ಮಜಾತ ಗೋಜಲುಗಳಲ್ಲಿ ಯಂತ್ರದ ಪ್ರಯೋಜನ ಎದ್ದು ಕಂಡಿತು. ತಾವು ಎಣಿಸಿದ್ದೊಂದು, ಆದದ್ದೊಂದು ಎಂದು ಅವರು ಕೈಚೆಲ್ಲಲಿಲ್ಲ. 1970ರ ದಶಕದ ನಡುಭಾಗದಲ್ಲಿ ಕ್ಯಾರೊಲಿನ್‌ಸ್ಕಾದಲ್ಲಿ ಸ್ಥಾಪಿತವಾದ ಎರಡನೆಯ ಯಂತ್ರವನ್ನು, ಕಿರಣಗಳ ಸಂಗಮವು ದುಂಡಗಿನ ಗಡ್ಡೆಗೆ ಹೊಂದುವಂತೆ ಮಾರ್ಪಡಿಸಲಾಯಿತು.

ಈ ಚಿಕಿತ್ಸೆಗೂ ಮಿತಿಗಳುಂಟು. ಗಡ್ಡೆ ಚಿಕ್ಕದಾಗಿರಬೇಕು, ಸುಮಾರು 3 ಸೆಂಟಿಮೀಟರಿಗಿಂತ ದೊಡ್ಡದಾದರೆ ಸುತ್ತಲಿನ ಮೆದುಳಿಗೆ ಅಪಾಯವು ಹೆಚ್ಚುತ್ತದೆ. ಫಲವೂ ಒಡನೆಯೇ ಕಾಣದು. ರಕ್ತನಾಳದ ಗೋಜಲು ಮುಚ್ಚಿಕೊಳ್ಳಲು ಎರಡು ಮೂರು ವರ್ಷಗಳೇ ಹಿಡಿಯಬಹುದು. ಅಲ್ಲಿಯವರೆಗೆ ರಕ್ತಸ್ರಾವದ ಭೀತಿ ಇದ್ದೇ ಇರುತ್ತದೆ. ಆದರೂ ಕತ್ತಿಗೆ ಎಟುಕದ ಆಳದಲ್ಲಿ ರೋಗವಿರುವವರಿಗೆ, ಶಸ್ತ್ರಕ್ರಿಯೆಯನ್ನು ತಾಳಲಾರದ ವೃದ್ಧರಿಗೆ, ಇದು ಸಂಜೀವಿನಿಯಾಗಿ ಪರಿಣಮಿಸಿತು.

1960ರಲ್ಲಿ ಗುರುಗಳ ಪೀಠದಲ್ಲೇ ಪ್ರಾಧ್ಯಾಪಕರಾದ ಲೆಕ್ಸೆಲ್ ಅವರು 1974ರಲ್ಲಿ ನಿವೃತ್ತರಾದರೂ ಸಂಶೋಧನೆಯಿಂದ ವಿಮುಖರಾಗಲಿಲ್ಲ. 1986ರ ಜನವರಿ 12ರಂದು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳಲ್ಲಿ ನಡಿಗೆಯಲ್ಲಿದ್ದಾಗ ಶಾಂತವಾಗಿ ಕೊನೆಯುಸಿರೆಳೆದರು. ಆ ವೇಳೆಗೆ ಅವರ ಯಂತ್ರವು ಲೋಕದ ಬೆರಳೆಣಿಕೆಯ ಆಸ್ಪತ್ರೆಗಳಲ್ಲಿ ಮಾತ್ರ ಇತ್ತು. ಮುಂದೆ ಅದು ಖಂಡಖಂಡಗಳಿಗೆ ಹಬ್ಬಿ, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೂ ಬಂದು, ಕನ್ನಡನಾಡಿನ ರೋಗಿಗಳಿಗೂ ಎಟುಕುವಂತಾಯಿತು.

1951ರ ಕಲ್ಪನೆ ಯಂತ್ರರೂಪ ತಾಳಲು 17 ವರ್ಷಗಳು ಬೇಕಾದವು. ಆ ಅವಧಿಯಲ್ಲಿ ಎರಡು ಮಾರ್ಗಗಳನ್ನು ಹಿಡಿದು, ಅವು ಸಾಲದೆಂದು ಕಂಡಾಗ ಮೂರನೆಯದನ್ನು ಅರಸಿದ ಆ ಸಹನೆಯೇ ವಿದ್ಯಾರ್ಥಿಗಳಿಗೆ ಲೆಕ್ಸೆಲ್ ಅವರು ಬಿಟ್ಟುಹೋದ ಆದರ್ಶ.