ಕರಿ ಪೈಪಿನ ಹಿಂದಿರುವ ಕಾರ್ಲ್ ಝೀಗ್ಲರ್

ಅತ್ತಿಗುಂಡಿ ದಾಟಿ ಬಾಬಾಬುಡನ್‌ಗಿರಿ ಕಡೆ ಹತ್ತುವಾಗ ನಾವೆಲ್ಲ ಮಂಜು, ಕಾಫಿ ತೋಟ ಅಂತ ಫೋಟೋ ತೆಗೀತೀವಿ. ಮಲೆನಾಡಿನ ಇಂಥ ಇಳಿಜಾರುಗಳಲ್ಲಿ ಒರತೆ ನೀರನ್ನು ಮನೆಗೆ ತರುವ ಕರಿ ಪೈಪನ್ನು ಮಾತ್ರ ಯಾರೂ ನೋಡೋದಿಲ್ಲ. ಮೋಟಾರಿಲ್ಲ, ಕರೆಂಟಿಲ್ಲ, ಪ್ರತಿ 10 ಮೀಟರ್ ಇಳಿತಕ್ಕೆ ಸುಮಾರು 1 ಬಾರ್ ಒತ್ತಡ, ಅಷ್ಟೇ. ಆ ಎಚ್‌ಡಿಪಿಇ ಪೈಪಿನ ಹಿಂದೆ ಒಬ್ಬ ಪಾದ್ರಿಯ ಮಗನ ಕಥೆ ಇದೆ.

ಕಾರ್ಲ್ ಝೀಗ್ಲರ್ ಹುಟ್ಟಿದ್ದು 1898ರಲ್ಲಿ, ಜರ್ಮನಿಯ ಕಾಸೆಲ್ ಹತ್ತಿರದ ಹೆಲ್ಸಾ ಎಂಬ ಊರಲ್ಲಿ. ಹುಡುಗನಿದ್ದಾಗಲೇ ಮನೆಯಲ್ಲಿ ಪ್ರಯೋಗ ಮಾಡುವ ಹುಚ್ಚು. ಮಾರ್ಬುರ್ಗ್‌ನಲ್ಲಿ 1920ಕ್ಕೆ ಡಾಕ್ಟರೇಟ್ ಮುಗಿಯಿತು. ಆಗ ವಯಸ್ಸು 21! ಹೈಡಲ್‌ಬರ್ಗ್, ಹಾಲೆಗಳಲ್ಲಿ ಪಾಠ ಮಾಡಿ, 1943ರಲ್ಲಿ ಮ್ಯೂಲ್‌ಹೈಮ್‌ನ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಹೋಗುವ ಮೊದಲೇ ಒಂದು ಷರತ್ತು ಹಾಕಿದ್ದರು: ಕಲ್ಲಿದ್ದಲಿಗೇ ಕಟ್ಟುಬೀಳೋದಿಲ್ಲ, ತಮಗೆ ಬೇಕಾದ ವಿಷಯದ ಮೇಲೆ ಕೆಲಸ ಮಾಡುತ್ತೇವೆ ಅಂತ. ಮುಂದೆ ಆದದ್ದಕ್ಕೆಲ್ಲ ಈ ಷರತ್ತೇ ಬುನಾದಿ.

ಆಗ ಪಾಲಿಥೀನ್ ಹೊಸದೇನಲ್ಲ. ಆದರೆ ಅದನ್ನು ಮಾಡಲು ಸಾವಿರಕ್ಕೂ ಹೆಚ್ಚು ಪಟ್ಟು ವಾಯುಒತ್ತಡ ಬೇಕಿತ್ತು. ಅಣುಸರಪಳಿಗೆ ಕೊಂಬೆಗಳು ಬೆಳೆದು ವಸ್ತು ಮೆತ್ತಗಾಗುತ್ತಿತ್ತು. ಝೀಗ್ಲರ್ ಅವರ ಗುಂಪು ಅಲ್ಯುಮಿನಿಯಂ ಸಂಯುಕ್ತ ಬಳಸಿ ಉದ್ದ ಸರಪಳಿ ಕಟ್ಟುತ್ತಿದ್ದಾಗ ಒಂದು ಸಲ ಬರೀ ಬ್ಯೂಟೀನ್ ಬಂತು. ಫೇಲಾಯ್ತು ಅಂತ ಅವರು ಸುಮ್ಮನಾಗಲಿಲ್ಲ. ಹುಡುಕಿದರೆ, ಪಾತ್ರೆಯಲ್ಲಿ ಉಳಿದಿದ್ದ ಚೂರು ನಿಕಲ್ ಸರಪಳಿ ಬೆಳೆಯದಂತೆ ತಡೆದಿತ್ತು. ನಿಕಲ್ ತಡೆದರೆ ಬೇರೆ ಲೋಹಗಳು ಏನು ಮಾಡಬಹುದು? ಒಂದೊಂದಾಗಿ ನೋಡಿದರು. 1953ರಲ್ಲಿ ಜಿರ್ಕೋನಿಯಂ, ಆಮೇಲೆ ಟೈಟಾನಿಯಂ ಗೆದ್ದವು. ಸಾಧಾರಣ ಒತ್ತಡದಲ್ಲೇ, ಗಾಜಿನ ಪಾತ್ರೆಯಲ್ಲಿ ನೇರ ಸರಪಳಿಯ ಗಟ್ಟಿ ಪಾಲಿಥೀನ್ ಸಿದ್ಧ! ಅಮೆರಿಕದ ಫಿಲಿಪ್ಸ್ ಕಂಪನಿಯವರೂ ಅದೇ ಕಾಲದಲ್ಲಿ ಬೇರೆ ಕ್ಯಾಟಲಿಸ್ಟ್‌ನಿಂದ ಇಂಥದ್ದನ್ನೇ ಮಾಡಿದ್ದರು.

ಇಟಲಿಯ ಜೂಲಿಯೋ ನಾಟ್ಟಾ ಇದೇ ದಾರಿಯಲ್ಲಿ 1954ರಲ್ಲಿ ಪಾಲಿಪ್ರೊಪಿಲೀನ್ ಮಾಡಿದರು. ತಾವು ನಂಬಿ ಹಂಚಿಕೊಂಡ ವಿಷಯ ಹೀಗೆ ಬಳಕೆಯಾಯಿತಲ್ಲ ಅಂತ ಝೀಗ್ಲರ್‌ಗೆ ನೋವಾಯಿತು. ಮನಸ್ತಾಪ ಉಳಿದರೂ 1963ರ ನೊಬೆಲ್ ಇಬ್ಬರಿಗೂ ಒಟ್ಟಿಗೇ ಬಂತು.

ಈ ಕರಿ ಪೈಪು ಹಂಡೆಗೆ ತಣ್ಣೀರು ತುಂಬಲು ಸರಿ. ಆದರೆ ಬಿಸಿಯಾದಂತೆ ಅದರ ಒತ್ತಡ ತಡೆಯುವ ಶಕ್ತಿ ಇಳಿಯುತ್ತದೆ. ಸೋಲಾರ್ ಅಥವಾ ಬಾಯ್ಲರ್‌ನ ಬಿಸಿನೀರಿಗೆ ಹಾಕುವಂತಿಲ್ಲ. ಚಳಿ ದೇಶಗಳಲ್ಲಿ ಮನೆಯಿಡೀ ಬಿಸಿ ಮಾಡಲು ಬಿಸಿನೀರು ಸುತ್ತಿಸುತ್ತಾರಲ್ಲ, ಅಲ್ಲಿ ಸರಪಳಿಗಳನ್ನು ಒಂದಕ್ಕೊಂದು ಹೆಣೆದ ಪೆಕ್ಸ್ ಪೈಪು ಬೇಕು. ಅದಕ್ಕೂ ಒಂದು ತೊಂದರೆ: ಪ್ಲಾಸ್ಟಿಕ್ ಗೋಡೆಯೊಳಗಿಂದ ಆಮ್ಲಜನಕ ನುಸುಳಿ ಬಾಯ್ಲರ್‌ನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅದಕ್ಕೇ ಅದರ ಮೇಲೆ ಆಮ್ಲಜನಕ ತಡೆಯುವ ತೆಳು ಪದರ ಹಾಕುತ್ತಾರೆ. ನೋಡಲು ಎಲ್ಲವೂ ಪೈಪೇ. ಒಳಗಿನ ಸರಪಳಿ ಗೊತ್ತಿಲ್ಲದೆ ಆರಿಸಿದರೆ ಕೆಟ್ಟೆವು.

ಝೀಗ್ಲರ್ 1973ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ ಪೇಟೆಂಟ್ ಹಣದಲ್ಲಿ ದೊಡ್ಡ ಪಾಲನ್ನು ಅದೇ ಸಂಸ್ಥೆಯ ಸಂಶೋಧನೆಗೆ ನಿಧಿಯಾಗಿ ಕೊಟ್ಟಿದ್ದರು. ತಾವು ಕೇಳಿ ಪಡೆದ ಸ್ವಾತಂತ್ರ್ಯ ಮುಂದಿನವರಿಗೂ ಸಿಗಬೇಕಲ್ಲ! ಲ್ಯಾಬಿನಲ್ಲಿ ರೀಡಿಂಗ್ ತಪ್ಪಾಗಿ ಬಂದಾಗ ಪಕ್ಕದವರ ರೆಕಾರ್ಡ್ ನೋಡಿ ತಿದ್ದುವ ನಾವು, ಒಂದು ನಿಮಿಷ ಯಾಕೆ ಹೀಗಾಯ್ತು ಅಂತ ಕೇಳಿಕೊಳ್ಳಬಹುದು.