ಫ್ರಾನ್ಸೆಸ್ಕೊ ರೆಡಿ

ಕುಷ್ಟಗಿ, ಯಲಬುರ್ಗಾ ಸೀಮೆಯ ತಿಪ್ಪೆಗಳನ್ನು ಕೆದರಿದರೆ ಬಿಳಿಯ ಹುಳುಗಳು ಕಾಣಿಸುತ್ತವೆ. ಇಂಥವು ಕೊಳೆತ ವಸ್ತುವಿನಿಂದ ತಾವಾಗಿಯೇ ಹುಟ್ಟುತ್ತವೆಂದು ಅರಿಸ್ಟಾಟಲನ ಕಾಲದಿಂದ ಸುಮಾರು ಎರಡು ಸಾವಿರ ವರ್ಷ ಪಂಡಿತರೂ ನಂಬಿದ್ದರು. ಆ ನಂಬಿಕೆಯನ್ನು ಪ್ರಯೋಗದ ಒರೆಗೆ ಹಚ್ಚಿದವನು ಇಟಲಿಯ ವೈದ್ಯ ಫ್ರಾನ್ಸೆಸ್ಕೊ ರೆಡಿ.

1626ರಲ್ಲಿ ಅರೆಟ್ಸೊ ನಗರದಲ್ಲಿ ಜನಿಸಿದ ರೆಡಿಯು 1647ರಲ್ಲಿ ಪೀಸಾದಲ್ಲಿ ವೈದ್ಯಪದವಿ ಪಡೆದು, ಮುಂದೆ ಮೆಡಿಚಿ ಅರಸರ ಆಸ್ಥಾನವೈದ್ಯನಾದನು. ಕವಿಯೆಂದೂ ಹೆಸರಾದನು.

1668ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನ ಮಹತ್ವದ ಪ್ರಯೋಗವಿದೆ. ಮಾಂಸ, ಮೀನುಗಳನ್ನು ಪಾತ್ರೆಗಳಲ್ಲಿರಿಸಿ ಕೆಲವನ್ನು ತೆರೆದಿಟ್ಟನು, ಕೆಲವನ್ನು ಮುಚ್ಚಿದನು. ತೆರೆದವುಗಳಲ್ಲಿ ಹುಳುಗಳಾದವು, ಮುಚ್ಚಿದವುಗಳಲ್ಲಿ ಮಾಂಸ ಕೊಳೆಯಿತೇ ಹೊರತು ಹುಳು ಕಾಣಲಿಲ್ಲ. ಗಾಳಿ ತಾಗದುದೇ ಕಾರಣವೆಂಬ ಆಕ್ಷೇಪಕ್ಕೆ ಎಡೆಯಿರಬಾರದೆಂದು ಗಾಳಿಯಾಡುವ ತೆಳುಬಟ್ಟೆಯನ್ನು ಹೊದಿಸಿ ಮತ್ತೆ ಪರೀಕ್ಷಿಸಿದನು. ನೊಣಗಳು ಬಟ್ಟೆಯ ಮೇಲೆಯೇ ಮುತ್ತಿದವು. ಒಳಗಿನ ಮಾಂಸ ಹುಳುಬೀಳಲಿಲ್ಲ. ತತ್ತಿಯಿಂದ ಹುಳು, ಹುಳುವಿನಿಂದ ಕೋಶ, ಕೋಶದಿಂದ ನೊಣ ಎಂಬ ಕ್ರಮ ಸ್ಪಷ್ಟವಾಯಿತು. ಕೊಳೆತವು ಹುಳುವಿನ ತಾಯಿಯಲ್ಲ, ಅದರ ಆಹಾರ. ಸತ್ತುದನ್ನು ತಿಂದು ಕರಗಿಸಿ ಮಣ್ಣಿಗೆ ಮರಳಿಸುವುದೇ ಹುಳುವಿನ ಕಾಯಕ.

ರೆಡಿಯೂ ಒಂದೆಡೆ ಎಡವಿದನು. ಗಿಡಗಳ ಗಂಟುಗಳೊಳಗಿನ ಕೀಟಗಳನ್ನು ಗಿಡವೇ ಹುಟ್ಟಿಸುತ್ತದೆಂದು ಬಗೆದನು. 1679ರಲ್ಲಿ ಮಾಲ್ಪಿಗಿ ಅದನ್ನು ತಿದ್ದಿದನು. ಸೂಕ್ಷ್ಮಜೀವಿಗಳ ವಿಷಯದ ವಾದ 1860ರ ದಶಕದಲ್ಲಿ ಪಾಶ್ಚರನವರೆಗೂ ಮುಂದುವರಿಯಿತು.

1697ರಲ್ಲಿ ಪೀಸಾದಲ್ಲಿ ರೆಡಿ ತೀರಿಕೊಂಡನು. ಅವನು ಬಳಸಿದ್ದು ಪಾತ್ರೆ, ಮಾಂಸ, ಒಂದು ತುಂಡು ಬಟ್ಟೆ. ಹಳ್ಳಿಯ ಶಾಲೆಗೂ ಇವು ದೂರದ ವಸ್ತುಗಳಲ್ಲ. ಹಿರಿಯರ ಮಾತನ್ನು ಗೌರವದಿಂದ ಕೇಳಿ, ಬಳಿಕ ಕಣ್ಣಾರೆ ಪರೀಕ್ಷಿಸುವ ಧೈರ್ಯವನ್ನು ಮಕ್ಕಳಲ್ಲಿ ಬೆಳೆಸುವುದೇ ಆ ವೈದ್ಯನಿಗೆ ಸಲ್ಲುವ ನಿಜವಾದ ಸ್ಮರಣೆ.