ಫರ್ಡಿನಾಂಡ್ ಪೋರ್ಷೆ: ಕಾರಿನ ಖ್ಯಾತಿ, ಟ್ಯಾಂಕಿನ ಸೋಲು

ಬೊಹೆಮಿಯಾದಲ್ಲಿ 1875ರಲ್ಲಿ ತಗಡಿನ ಕೆಲಸಗಾರನ ಮಗನಾಗಿ ಜನಿಸಿದ ಫರ್ಡಿನಾಂಡ್ ಪೋರ್ಷೆ, ಫೋಕ್ಸ್‌ವ್ಯಾಗನ್ 'ಬೀಟಲ್' ಕಾರಿನ ವಿನ್ಯಾಸಕಾರನೆಂದೇ ಜಗತ್ತಿಗೆ ಪರಿಚಿತ. ಆದರೆ ಆತನ ಟೈಗರ್ ಟ್ಯಾಂಕ್ ವಿನ್ಯಾಸ 1942ರಲ್ಲಿ ಹೆನ್‌ಶೆಲ್ ಕಂಪೆನಿಯೆದುರು ಸೋತಿತು. ಆಗ ಉಳಿದ ಸುಮಾರು 90 ಚಾಸಿಗಳಿಗೆ 88 ಮಿ.ಮೀ. ಫಿರಂಗಿ ಕೂರಿಸಿ, ಆತನ ಹೆಸರನ್ನೇ ಇಡಲಾಯಿತು.

1943ರ ಜುಲೈನಲ್ಲಿ ಕುರ್ಸ್ಕ್ ಕದನಕ್ಕಿಳಿದ 'ಫರ್ಡಿನಾಂಡ್'ನ ಮುಂಭಾಗದಲ್ಲಿ ಮೆಷಿನ್ ಗನ್ ಇರಲಿಲ್ಲ. ಹತ್ತಿರ ನುಗ್ಗಿದ ಕಾಲಾಳುಗಳೆದುರು ಆ ದೈತ್ಯ ನಿರುಪಾಯ. ಅಳಿದುಳಿದವುಗಳಿಗೆ ಮುಂದಿನ ಚಳಿಗಾಲದಲ್ಲಿ ಮೆಷಿನ್ ಗನ್, ಕಮಾಂಡರನಿಗೆ ವೀಕ್ಷಣಾ ಗುಮ್ಮಟ ಜೋಡಿಸಲಾಯಿತು. 1944ರಲ್ಲಿ ಹೆಸರು 'ಎಲೆಫಾಂಟ್' ಆಯಿತು. ಪುಟ್ಟ ಮಾದರಿ ತಯಾರಿಸುವ ಹವ್ಯಾಸಿಗಳು ಇವೆರಡನ್ನು ನೋಡಿಯೇ ರೂಪಭೇದ ಗುರುತಿಸುತ್ತಾರೆ. ರಷ್ಯದಲ್ಲಿ ಉಳಿದಿರುವುದು ಫರ್ಡಿನಾಂಡ್, ಅಮೆರಿಕದಲ್ಲಿರುವುದು ಎಲೆಫಾಂಟ್.

ಯುದ್ಧಕಾಲದ ಕಾರ್ಖಾನೆಗಳ ಬಲವಂತದ ದುಡಿಮೆಯ ಕಳಂಕ ಪೋರ್ಷೆಗೂ ತಟ್ಟಿತು. ಫ್ರೆಂಚರ ಸೆರೆಯಲ್ಲಿ ಸುಮಾರು 20 ತಿಂಗಳು ಕಳೆದ ಆತ, 1951ರ ಜನವರಿ 30ರಂದು ಸ್ಟುಟ್‌ಗಾರ್ಟ್‌ನಲ್ಲಿ ನಿಧನನಾದ.